ಗುದ್ದು, ಮದ್ದು

ಹಾಸನದ ಸಾಲಗಾಮೆ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ,
ಒಂದೂವರೆ ಕೋಣೆಯಲ್ಲಿ ನಾವು ನಾಲ್ವರು
ಒಂದು ಲೋಕ ಕಟ್ಟುತ್ತಿದ್ದೇವೆ.
ನನ್ನ ಪಾಲಿಗೆ ಬಂದದ್ದು ಮರ.
ಬೇರು ಮೇಲೆ, ಕೊಂಬೆ ಕೆಳಗೆ, ಎಲೆಯ ಬದಲು ಚೌಕ;
ಒಂದೊಂದು ಚೌಕಕ್ಕೂ ಒಂದೊಂದು ವಿದ್ಯೆ,
ಆಡುವವನ ಕೈಯಲ್ಲಿ ನಲವತ್ತೊಂದು ಅಂಕ.

ಎಡಗೊಂಬೆ ಗುದ್ದು. ಬಲಗೊಂಬೆ ಮದ್ದು.
ಎರಡರಲ್ಲೊಂದು ಹಿಡಿದವನು ಸುಖಿ:
ಗುದ್ದುವವನು ಗುದ್ದುತ್ತಾನೆ,
ಮದ್ದಿನವನು ಹಿಂದೆ ನಿಂತು ಅರೆಯುತ್ತಾನೆ.
ನನಗೆ ತಲೆನೋವು ಮೂರನೆಯವನು,
ಎರಡೂ ಬೇಕೆನ್ನುವ ಹೈಬ್ರಿಡ್ ಕ್ಲಾಸು.
ಇಪ್ಪತ್ತು ಅಂಕ ಇಲ್ಲಿ ಸುರಿದು, ಇಪ್ಪತ್ತು ಅಲ್ಲಿ ಸುರಿದು,
ಉಳಿದೊಂದನ್ನು ಮುಷ್ಟಿಯಲ್ಲಿ ಹಿಡಿದು
ದುರ್ಗದ ಬಾಗಿಲಲ್ಲಿ ನಿಂತಿರುತ್ತಾನೆ
ಯಾವ ತಂಡವೂ ಕರೆಯದೆ.
ಪಾಪ ಅನ್ನಿಸಿ ನಾಲ್ಕು ಅಂಕ ಹೆಚ್ಚು ಕೊಟ್ಟೆ ನೋಡಿ,
ಮರುದಿನ ಪರೀಕ್ಷೆಗೆ ಕೂತ ಹದಿನಾರು ಮಂದಿಯೂ ಅವನೇ.

ನಡುವೆ ಮೂರನೇ ಕೊಂಬೆ ಬಿಡಿಸಿದೆ,
ಎರಡೂ ಕಡೆ ಮಿಕ್ಕಿದ್ದನ್ನು ಅದಕ್ಕೆ ತುಂಬಿದೆ,
ನಿನ್ನೆಯ ಸಾರಿಗೆ ಇವತ್ತಿನ ನೀರು ಹಾಕಿದಂತಿತ್ತು.

ಎರಡು ದೋಣಿಯಲ್ಲಿ ಕಾಲಿಟ್ಟವ ಮುಳುಗುತ್ತಾನಂತೆ.
ಹಾಗೆನ್ನುವವರು ದಡದಲ್ಲಿರುತ್ತಾರೆ.
ದೋಣಿಯಿಂದ ದೋಣಿಗೆ ಹಲಗೆ ಹೊಡೆಯುವ ಸಂಬಳ ನನ್ನದು.

ಹನ್ನೊಂದು ವಾರ, ಇಪ್ಪತ್ತಾರು ಮರ.
ಕೊನೆಗೆ ಮೌಸು ಹಿಡಿದ ಮಣಿಕಟ್ಟೇ ಕೈಕೊಟ್ಟಿತು.
ಕೆಳಗೆ ಜೆರಾಕ್ಸಿನ ಖುರ್ಷಿದ್ ಅಂದಳು:
'ಆಸ್ಪತ್ರೆಗ್ಯಾಕೆ, ಗರಡಿಗೆ ಹೋಗಿ.'

ಪೆನ್ಷನ್ ಮೊಹಲ್ಲಾದ ಹಿಂದೆ ಗರಡಿ. ಕೆಮ್ಮಣ್ಣಿನ ಅಖಾಡ,
ಮೂಲೆಯಲ್ಲಿ ಮೊಟ್ಟೆ, ಉದ್ದಿನ ಹಿಟ್ಟು, ಬಿದಿರಿನ ದಬ್ಬೆ.
ಉಸ್ತಾದ್ ಈರಭದ್ರಯ್ಯನವರಿಗೆ ಎಪ್ಪತ್ತರ ಮೇಲೆ.
ಬೆಳಗ್ಗೆ ಅವರೇ ಎತ್ತಿ ಒಗೆದ ಹುಡುಗ
ಸಂಜೆ ಭುಜ ಹಿಡಿದುಕೊಂಡು
ಸರದಿಯಲ್ಲಿ ನನಗಿಂತ ಮುಂದೆ ಕೂತಿದ್ದ.

ಕೆಲಸ ಏನಮ್ಮ ಎಂದರು. ಹೇಳಿದೆ.
'ಹೈಬ್ರಿಡ್ಡು ಅಂದ್ರೆ, ಆಲೂಗಡ್ಡೆ ಬೀಜವಾ?'
ಅಲ್ಲ, ಹೊಡೆಯೋದು, ವಾಸಿ ಮಾಡೋದು, ಎರಡೂ ಬಲ್ಲವನು.
ಅವರು ಸುಮ್ಮನೆ ಮಣಿಕಟ್ಟು ಹಿಡಿದರು.
'ನೋಡು, ಇದೇ ಪಟ್ಟು.
ಕೂದಲೆಳೆಯಷ್ಟು ಆಚೆ ತಿರುವಿದ್ರೆ ಮುರೀತದೆ,
ಈಚೆ ಬಂದ್ರೆ ಕೂರ್ತದೆ.
ಎರಡು ವಿದ್ಯೆ ಯಾವನು ಕಲ್ತ? ನಾನಂತೂ ಒಂದೇ ಕಲ್ತದ್ದು.'
ಟಕ್ ಎಂದಿತು. ನನ್ನ ಕಣ್ಣಲ್ಲಿ ನೀರು.

ದಬ್ಬೆ ಕಟ್ಟುತ್ತ ಕೇಳಿದರು:
'ನಿನ್ನಾಟದಲ್ಲಿ ತಪ್ಪು ಕಲ್ತವ ಏನು ಮಾಡ್ತಾನೆ?'
ನೂರು ಹೊನ್ನು ಕೊಟ್ಟು ಅಳಿಸಿಕೊಳ್ಳುತ್ತಾನೆ ಎಂದೆ.
ಉಸ್ತಾದ್ ನಕ್ಕ ಬಿರುಸಿಗೆ ಮೈಮೇಲಿನ ಮಣ್ಣು ಉದುರಿತು.
'ಇಲ್ಲಿ ಕೊಡವಿಕೊಂಡು ಮತ್ತೆ ಇಳೀತಾರೆ, ಅಷ್ಟೇ.'

ಆ ರಾತ್ರಿ ಎಡಗೈಯಲ್ಲಿ
ನಡುಗೊಂಬೆ ಕಡಿದು ಹಾಕಿದೆ.
ಎರಡೂ ಕೊಂಬೆ ತಾಗುವಲ್ಲಿ ಒಂದೇ ಚೌಕ: ಪಟ್ಟು.
ಯಾರ ಮೈಮೇಲೆ, ಎಷ್ಟು ಹೊತ್ತು, ಎಷ್ಟು ತಿರುವು,
ಅದರ ಮೇಲೆ ಗುದ್ದೋ ಮದ್ದೋ.
ನೂರು ಹೊನ್ನಿನ ಸಾಲನ್ನೂ ಅಳಿಸಿದೆ.
ಲೆಕ್ಕ ನೋಡುವ ಕಾಳಾಚಾರ್ ಎರಡು ದಿನ ಮಾತಾಡಲಿಲ್ಲ.

ಬುಧವಾರ ನಡುರಾತ್ರಿ, ಚನ್ನರಾಯಪಟ್ಟಣದಿಂದ ಯಾರೋ ಒಬ್ಬ,
ಇಟ್ಟುಕೊಂಡ ಹೆಸರು 'ಬಾಡಿಗೆ ಸೈಕಲ್',
ಹನ್ನೆರಡನೇ ಹಂತದ ಕಲ್ಲು ರಾಕ್ಷಸನೆದುರು ಒಬ್ಬನೇ.
ತೋಳು ಹಿಡಿದ, ತಿರುವಿದ, ಮುರಿದ.
ರಾಕ್ಷಸ ಮಂಡಿಯೂರಿದ.
ಆಮೇಲೆ, ಯಾಕೋ,
ಅದೇ ತೋಳು ಹಿಡಿದು ಈಚೆ ತಿರುವಿ ಕೂರಿಸಿದ.

ವಾಸಿಯಾದ ರಾಕ್ಷಸ ಏನು ಮಾಡಬೇಕೆಂದು
ನಾವು ನಾಲ್ವರಲ್ಲಿ ಯಾರೂ ಬರೆದಿರಲಿಲ್ಲ.
ಅವನು ಎದ್ದ. ನಿಂತ. ನಿಂತೇ ಇದ್ದ.
ಬಾಡಿಗೆ ಸೈಕಲ್ಲೂ ನಿಂತಿದ್ದ, ಇಪ್ಪತ್ತು ನಿಮಿಷ,
ಒಬ್ಬರನ್ನೊಬ್ಬರು ನೋಡುತ್ತ.

ದೋಷಗಳ ಪಟ್ಟಿಗೆ ಸೇರಿಸು ಎಂದರು ಬೆಳಗ್ಗೆ.
ಕೈಗೆ ದಬ್ಬೆ ಕಟ್ಟಿದೆ,
ಬರೆಯಲಾಗದು ಎಂದೆ.